ವರ್ಷ ಕಾಯುವ ಬಿಯರ್

"ಕೈ ನಿಲ್ಲಸಬ್ಯಾಡ ಅವ್ವಾ, ತಳ ಹತ್ತತೈತಿ!" ಎಂದು ಮಹೇಶಕುಮಾರ ಕೂಗಿದ.

ಅಂಬವ್ವ ಕೈ ನಿಲ್ಲಿಸಿರಲಿಲ್ಲ. ಮೊಳಕೆ ಬಾರ್ಲಿಯ ಕಂದು ರಸ ಕುದಿದು ಕುದಿದು ಪಾತ್ರೆಯ ಅರ್ಧಕ್ಕೆ ಇಳಿದಿತ್ತು. ಸೌಟು ಎತ್ತಿದರೆ ನೂಲು ನೂಲಾಗಿ ಬೀಳುತ್ತಿತ್ತು. ಜರ್ಮನಿಯ ಹ್ಯಾನೋವರಿನ ಎರಡನೇ ಮಹಡಿಯ ಅಡುಗೆಮನೆಗೆ ಮಹಾಲಿಂಗಪುರದ ಬೆಲ್ಲದ ಗಾಣದ ವಾಸನೆ ಬಂದಿತ್ತು. ಮೊಮ್ಮಗಳು ಸಿಂಚನಾ ಮಾತ್ರ ಮೂಗು ಮುಚ್ಚಿಕೊಂಡು, "ಪಾಪಾ, ದಾಸ್ ಷ್ಟಿಂಕ್ಟ್!" ಎಂದು, ನಾರುತ್ತದೆಂದು ಜರ್ಮನ್ನಿನಲ್ಲಿ ಕೂಗಿ, ಬಾಗಿಲು ಬಡಿದು ಕೋಣೆ ಸೇರಿದಳು.

ಮಗ ಮನೆಯಲ್ಲೇ ಬಿಯರ್ ಕಾಸುತ್ತಾನೆಂದು ಇಲ್ಲಿಗೆ ಬಂದಮೇಲೆ ತಿಳಿದಾಗ ಅಂಬವ್ವ ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದಿದ್ದಳು. ಮಹೇಶ ನಕ್ಕಿದ್ದ. "ಇದು ಸ್ಕಾಟ್ಲೆಂಡಿನ ಮಂದಿ ಮಾಡೂ ಬಿಯರ್ ಅವ್ವಾ. ಕಪ್ಪಗ, ಭಾಳ ಸ್ಟ್ರಾಂಗ್. ಆದ್ರ ವರ್ಷಗಟ್ಟಲೆ ಇಟ್ರನ ರುಚಿ. ಹ್ವಾದ ವರ್ಷದ್ದು ಕೆಳಗ ಕೆಲ್ಲರ್‌ನಾಗ, ನೆಲಮಾಳಿಗ್ಯಾಗ ಮಲಗೇತಿ, ಒಂದೂ ಬಾಟ್ಲಿ ತೆಗದಿಲ್ಲ. ಕುಡ್ಯಾಕಲ್ಲ, ಇದೊಂದು ಹಾಬಿ."

ಆ ಮಾತು ಮುದುಕಿಯ ಎದೆಗೆ ತಂಪೆರೆದಿತ್ತು. ಕುಡುಕನಿಗೆ ಕಾಯುವುದು ಎಲ್ಲಿ ಗೊತ್ತು? ಅವಳ ಗಂಡ ಉಳವಪ್ಪ ಹೊತ್ತು ಮುಳುಗುವ ತನಕ ಕಾದವನಲ್ಲ. ಯುಗಾದಿಯ ಹೋಳಿಗೆ ಎಡೆಗೆ ಇಡುವ ಮೊದಲೇ ಎದ್ದು ಸಾರಾಯಿ ಭಟ್ಟಿಯ ದಾರಿ ಹಿಡಿದವನು. ವರ್ಷ ಕಾಯುವ ಮಗ ಆ ರಕ್ತದವನಾದರೂ ಆ ಚಟದವನಲ್ಲ ಎಂದುಕೊಂಡು, ಈ ಸಲ ಸೌಟನ್ನು ತಾನೇ ಕೇಳಿ ಇಸಿದುಕೊಂಡಿದ್ದಳು.

"ಸಾಕು, ಇನ್ನ ನಾ ನೋಡ್ಕೋತೀನಿ. ಕೆಳಗಿಂದ ಉಳ್ಳಾಗಡ್ಡಿ ತಾ, ಭಜಿ ಮಾಡು," ಎಂದ ಮಹೇಶ.

ನೆಲಮಾಳಿಗೆಯಲ್ಲಿ ಒಂದೊಂದು ಮನೆಗೂ ಹಲಗೆ ಬಡಿದ ಒಂದೊಂದು ಗೂಡು. ಅಂಬವ್ವ ಈರುಳ್ಳಿ ಉಡಿಗೆ ತುಂಬಿಕೊಂಡಳು. ಮಗನ ಬಾಟಲಿಗಳು ಗೋಡೆಗೆ ಒತ್ತಿ ಸಾಲಾಗಿ ನಿಂತಿದ್ದವು. ಮುಂದಿನ ಸಾಲಿನದೊಂದನ್ನು ಮುಟ್ಟಿದಳು. ತಣ್ಣಗೆ, ಭಾರವಾಗಿತ್ತು. ಹೆಮ್ಮೆ ತಡೆಯದೆ ಹಿಂದಿನದೊಂದನ್ನೂ ಎತ್ತಿದಳು. ಕೈ ಅಂದಾಜು ತಪ್ಪಿ ಮೇಲಕ್ಕೆ ಹಾರಿತು. ಬಾಟಲಿ ಖಾಲಿಯಿತ್ತು, ಮುಚ್ಚಳ ಮಾತ್ರ ಬಿಗಿಯಾಗಿ ಕೂತಿತ್ತು. ಇನ್ನೊಂದು ಎತ್ತಿದಳು, ಅದರ ಹಿಂದಿನದು, ಅದರ ಪಕ್ಕದ್ದು. ಎಲ್ಲಕ್ಕೂ ಹೊಸ ಮುಚ್ಚಳ, ಒಂದರಲ್ಲೂ ತೊಟ್ಟು ಇಲ್ಲ.

"ಅವನ್ನ ಹಂಗ ಇಡ್ರಿ ಅತ್ತಿ."

ಸೊಸೆ ಶ್ರೀದೇವಿ ಬಟ್ಟೆ ಒಣಹಾಕುವ ಕೋಣೆಯಿಂದ ಬಂದು ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು.

"ಇವು..."

"ಮುಂದಿನ ಸಾಲು ತುಂಬೈತಿ, ಬಂದವರಿಗೆ ತೋರಸಾಕ. ಹಿಂದಿನವು ನಿಮ್ಮ ಮಗ ಕುಡದು ಮತ್ತ ಮುಚ್ಚಳಾ ಒತ್ತಿ ಇಟ್ಟಾರ. ನಾವೆಲ್ಲ ಮಲಗಿದ ಮ್ಯಾಲ ಕೆಳಗ ಬರ್ತಾರ."

"ನೀ ಕೇಳಲಿಲ್ಲೇನವಾ?"

"ಕೇಳಿದೆ. ಸೋರಿ ಹೋಗ್ಯಾವು ಅಂದ್ರು." ಶ್ರೀದೇವಿ ನಕ್ಕಳು. ಆ ನಗೆ ಮೂಗಿನಿಂದ ಹೊರಬಿತ್ತು, ಬಾಯಿಗೆ ಬರಲಿಲ್ಲ. "ನೆಲಾ ಒಣಗೇತಿ, ಮುಚ್ಚಳಾ ಗಟ್ಟಿ ಐತಿ, ಬಿಯರ್ ಸೋರಿ ಹೋಗೇತಿ. ಎಂಜಿನಿಯರ್ ಅಲ್ಲೇನ್ರಿ ಅವರು, ಅವರಿಗೆ ಗೊತ್ತಿರ್ತೈತಿ."

ಅಂಬವ್ವ ಬಾಟಲಿಯನ್ನು ಸದ್ದಾಗದಂತೆ ಇದ್ದಲ್ಲೇ ಇಟ್ಟಳು. ಕೈಗೆ ಒಂದು ಚೂರು ಧೂಳೂ ಹತ್ತಿರಲಿಲ್ಲ. ಧೂಳು ಒರೆಸುವವಳು ಯಾರೆಂದು ಅವಳು ಕೇಳಲಿಲ್ಲ.

"ಒಂದು ಕೇಳತೀನಿ, ಖರೇ ಹೇಳ್ರಿ," ಎಂದಳು ಶ್ರೀದೇವಿ. "ಮಾವನವರು ಹ್ಯಾಂಗ ಹ್ವಾದ್ರು?"

ಹೆಣ್ಣು ನೋಡಲು ಹೋದ ದಿನ ಶ್ರೀದೇವಿಯ ಅಪ್ಪ ಬೇರೇನೂ ಕೇಳಿರಲಿಲ್ಲ. ಹೊಲ ಎಷ್ಟು, ಬಂಗಾರ ಎಷ್ಟು, ಯಾವುದೂ ಇಲ್ಲ. "ಮನ್ಯಾಗ ಕುಡಿಯೂ ಚಟಾ ಐತೇನ್ರಿ?" ಅಷ್ಟೇ. ಜತೆಗೆ ಬಂದಿದ್ದ ಹಿರಿಯ ನಿಜಲಿಂಗಪ್ಪ ಎರಡೂ ಕಿವಿ ಮುಟ್ಟಿಕೊಂಡು, "ಛೇ ಛೇ, ಶರಣರ ಮನೆತನ. ಉಳವಪ್ಪ ಲಿಂಗಪೂಜಿಗೆ ಕುಂತಾಗ ಎದಿ ನಿಂತು ಹ್ವಾದಾಂವ" ಎಂದಿದ್ದ. ಅಂಬವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೌದೆಂದು ಗೋಣು ಹಾಕಿದ್ದಳು. ಆಮೇಲೆ ಅದನ್ನು ಎಷ್ಟು ಜನರ ಮುಂದೆ ಹೇಳಿದ್ದಳೆಂದರೆ, ಪೂಜೆಯ ಮಣೆಯ ಮೇಲೆ ಒರಗಿದ ಗಂಡ ಅವಳಿಗೇ ಕಣ್ಣಿಗೆ ಕಟ್ಟುತ್ತಿದ್ದ.

"ಎದಿ..." ಎಂದಳು. ಅಂಬವ್ವನ ಕೈ ಮತ್ತೆ ಸೆರಗಿಗೆ ಹೋಯಿತು.

"ಜಗಳಾ ತಗ್ಯಾಕ ಕೇಳಾಕತ್ತಿಲ್ಲ ಅತ್ತಿ," ಶ್ರೀದೇವಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಕುಡಿಯೂವರಿಗೆ ಮೊದಲ ಏನಾಗತೈತಿ, ಆಮ್ಯಾಲ ಏನಾಗತೈತಿ, ಎಷ್ಟು ವರ್ಷ ಹಿಡೀತೈತಿ, ಅದು ಗೊತ್ತಾಗಬೇಕು ನನಗ. ಮಗಳು ಅದಾಳ. ಇಲ್ಲೆ ಅದನ್ನ ಕಂಡಾವರು ನೀವೊಬ್ರ."

ಮೆಟ್ಟಿಲ ಮೇಲಿಂದ ಮಹೇಶನ ದನಿ ಉರುಳಿ ಬಂತು. "ಅವ್ವಾ! ಉಳ್ಳಾಗಡ್ಡಿ ತರಾಕ ಹೋದೇನು, ಬಿತ್ತಾಕ ಹೋದೇನು?"

ಅಷ್ಟರಲ್ಲಿ, ಅವಧಿ ಮುಗಿದರೆ ತಾನಾಗಿಯೇ ಆರುವ ನೆಲಮಾಳಿಗೆಯ ದೀಪ ಟಕ್ಕೆಂದು ಆರಿತು. ಗುಂಡಿ ಶ್ರೀದೇವಿಯ ಭುಜದ ಪಕ್ಕದಲ್ಲೇ ಇತ್ತು. ಅವಳು ಒತ್ತಲಿಲ್ಲ. ಅಂಬವ್ವ ತಡವರಿಸಿ ಒಂದು ಕ್ರೇಟು ಬೋರಲು ಹಾಕಿ ಕುಳಿತಳು. ಇನ್ನೊಂದನ್ನು ಕಾಲಿನಿಂದ ಸೊಸೆಯ ಕಡೆಗೆ ದೂಡಿದಳು.

"ಮೊದಲ," ಎಂದಳು, "ನಿನ್ನ ಮಾವಗ ಮುಂಜಾನೆ ಕೈ ನಡಗಿ ಅಂಗಿ ಗುಂಡಿ ಹಾಕ್ಕೊಳ್ಳಾಕ ಬರದಂಗಾತು."

ಪಕ್ಕದ ಕೋಣೆಯಲ್ಲಿ ಯಾರದೋ ಮನೆಯ ವಾಷಿಂಗ್ ಮಷೀನು ಗಿರಗಿರನೆ ತಿರುಗಿ, ನಡುಗಿ, ನಿಂತಿತು.