ಆರನೆಯ ಟೇಕ್

ಚರಣ್ ತೀರಿಕೊಂಡು ನಲವತ್ತು ದಿನವಾದ ಮೇಲೆ ಅನಿಕೇತ್ ಮೊದಲ ಸಲ ಚೆನ್ನೈನ ತ್ರಿಪ್ಲಿಕೇನಿನಲ್ಲಿದ್ದ ಅವನ ಮನೆಗೆ ಹೋದ. ಹೆಗಲಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಅವರ ಬ್ಯಾಂಡಿನ ಮೊದಲ ಆಲ್ಬಮ್ ಇತ್ತು. ಎಂಟು ಹಾಡು, ಎಂಟರಲ್ಲೂ ಚರಣ್‌ನ ದನಿ.

ತಾಂಬರಂನ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು ಅವರು. ಅನಿಕೇತ್ ಗಿಟಾರ್ ನುಡಿಸುತ್ತಿದ್ದ, ಕಂಪ್ಯೂಟರಿನಲ್ಲಿ ಯಂತ್ರದ ತಾಳಗಳನ್ನೂ ಸಿಂಥಸೈಜರಿನ ನಾದಗಳನ್ನೂ ಹೆಣೆಯುತ್ತಿದ್ದ. ತೇಜು ಡ್ರಮ್ಸ್. ಅವೆಲ್ಲದರ ಮೇಲೆ ಅಬ್ಬರಿಸುವ ದನಿ ಚರಣ್‌ನದು. ತಾವು ನುಡಿಸುವ ಈ ಮೆಟಲ್‌ಕೋರ್ ಅಂದರೆ ಏನೆಂದು ಕೀಲ್ಪಾಕಿನ ತನ್ನ ಮನೆಯವರಿಗೆ ಅನಿಕೇತನಿಂದ ನಾಲ್ಕು ವರ್ಷದಲ್ಲೂ ತಿಳಿಸಿ ಹೇಳಲು ಆಗಿರಲಿಲ್ಲ. ಚರಣ್‌ಗೋ ಮನೆಯಲ್ಲಿ ದನಿ ತೆಗೆಯುವ ಹಾಗೇ ಇರಲಿಲ್ಲ. ಎರಡು ಕೋಣೆಯ ಮನೆ, ಗೋಡೆಯಾಚೆ ಇನ್ನೊಂದು ಸಂಸಾರ. ಅವನು ತಾಂಬರಂ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ನಿಂತು, ಎಕ್ಸ್‌ಪ್ರೆಸ್ ಗಾಡಿ ಧಡಧಡಿಸಿ ಹೋಗುವಾಗ ಅದರ ಸದ್ದಿನೊಳಗೆ ಕೂಗಿ ಅಭ್ಯಾಸ ಮಾಡಿದವನು.

ನವೆಂಬರಿನಲ್ಲಿ ರೆಕಾರ್ಡಿಂಗ್‌ನ ಕೊನೆಯ ದಿನ ಅವನಿಗೆ ಜ್ವರವಿತ್ತು. ಮಾತ್ರೆ ನುಂಗಿಯೇ ಬಂದಿದ್ದ. ಏಳು ಹಾಡು ಮುಗಿದಿದ್ದವು. ಎಂಟನೆಯದರ ಐದನೇ ಟೇಕಿನಲ್ಲಿ ಗಂಟಲು ಕೈಕೊಟ್ಟಿತು. ಸಾಕು ಮಾರಾಯ, ಇನ್ನೊಂದು ದಿನ ಮಾಡುವ, ಅಂದ. ನಾಳೆಯಿಂದ ಸ್ಟುಡಿಯೋ ಬೇರೆಯವರಿಗೆ, ನಮಗೆ ಸಿಗುವುದು ಪೊಂಗಲ್ ಆದ ಮೇಲೆ, ಅಂದ ಅನಿಕೇತ್.

"ಒಂದೇ ಒಂದು ಟೇಕ್ ಡಾ, ಇದೇ ಲಾಸ್ಟ್."

ಚರಣ್ ಬಿಸಿನೀರು ಕುಡಿದು ಮತ್ತೆ ಮೈಕಿನ ಮುಂದೆ ನಿಂತ. ಆ ಆರನೆಯ ಟೇಕಿನ ಕೊನೆಯ ಸಾಲಿನಲ್ಲಿ ದನಿ ಹರಿದು ಎರಡಾಯಿತು. ತೇಜು ಕುಳಿತಲ್ಲಿಂದ ಎದ್ದುಬಿಟ್ಟ. ಅನಿಕೇತ್ ಚಪ್ಪಾಳೆ ತಟ್ಟಿದ. ಚರಣ್ ಗೋಡೆಗೊರಗಿ ಕಣ್ಣು ಮುಚ್ಚಿ ಕೂತ. ಡೆಂಗಿ ಎಂದು ಗೊತ್ತಾಗಿ ಆಸ್ಪತ್ರೆಗೆ ಸೇರಿಸಿದ್ದು ಮೂರು ದಿನ ಕಳೆದ ಮೇಲೆ. ಪ್ಲೇಟ್‌ಲೆಟ್ ಏರಲೇ ಇಲ್ಲ. ಏಳನೆಯ ದಿನ ಬೆಳಗ್ಗೆ ಹೋಗಿಬಿಟ್ಟ. ಇಪ್ಪತ್ತನಾಲ್ಕು ವರ್ಷ.

ಆಲ್ಬಮ್ಮಿನಿಂದ ಎಂಟನೆಯ ಹಾಡನ್ನು ತೆಗೆದುಬಿಡುತ್ತೇನೆಂದು ಅನಿಕೇತ್ ಹೇಳಿದಾಗ ತೇಜು ಒಪ್ಪಲಿಲ್ಲ. ಚರಣ್ ಹಾಡಿದ್ದರಲ್ಲೆಲ್ಲ ಅದೇ ಚೆನ್ನಾಗಿರುವುದು, ತೆಗೆಯಲು ನೀನು ಯಾರು, ಅಂದ. ಹಾಗಾದರೆ ಅವನ ಅಮ್ಮನನ್ನೇ ಕೇಳುತ್ತೇನೆಂದು ಅನಿಕೇತ್ ಹೊರಟಿದ್ದ.

ಮಧ್ಯಾಹ್ನದ ಹೊತ್ತು. ಚರಣ್‌ನ ತಂದೆ ಶೀನ ಸಸ್ಯಾಹಾರಿ ಹೋಟೆಲೊಂದರಲ್ಲಿ ಅಡುಗೆ ಭಟ್ಟರು, ಇನ್ನೂ ಬಂದಿರಲಿಲ್ಲ. ತಾಯಿ ವಿನೋದಾ ಒಬ್ಬರೇ ಇದ್ದರು. ಮನೆಯೊಳಗೆ ತುಳು ಆಡುವವರು, ಅನಿಕೇತನ ಜೊತೆ ಕನ್ನಡ. ಅವನು ಹೆಡ್‌ಫೋನ್ ಕೊಟ್ಟ. ಮೊದಲ ಹಾಡು ಅರ್ಧ ಆಗುವಷ್ಟರಲ್ಲಿ ಅವರು ಅದನ್ನು ಕಿವಿಯಿಂದ ತೆಗೆದರು.

"ಇವನಿಗೆ ಎಲ್ಲಿ ನೋವಾಗ್ತಾ ಉಂಟು?"

"ನೋವಿಲ್ಲ ಆಂಟಿ. ಅದೆಲ್ಲ ಪ್ರಾಕ್ಟೀಸ್. ಹೊಟ್ಟೆಯಿಂದ ಬರತ್ತೆ, ಗಂಟಲಿಗೆ ಏನೂ ಆಗಲ್ಲ."

ಅವರು ಮತ್ತೆ ಕೇಳತೊಡಗಿದರು. ಮೂರನೆಯದರಲ್ಲಿ ಗಿಟಾರುಗಳೆಲ್ಲ ಸುಮ್ಮನಾಗಿ ಚರಣ್ ನಾಲ್ಕು ಸಾಲು ಮೆಲ್ಲಗೆ ಹಾಡಿದ್ದ. ಅದನ್ನು ಇನ್ನೊಮ್ಮೆ ಹಾಕಿಸಿಕೊಂಡರು. ಏಳು ಹಾಡು ಮುಗಿದಾಗ ಅನಿಕೇತ್ ಕೈ ಚಾಚಿ ನಿಲ್ಲಿಸಿದ.

"ಮುಂದಿನದರಲ್ಲಿ ನೋವಿತ್ತು ಆಂಟಿ."

ಎಲ್ಲವನ್ನೂ ಹೇಳಿದ. ಕನ್ನಡ ಸಾಲದಾದಲ್ಲಿ ತಮಿಳಿನಲ್ಲಿ ಹೇಳಿದ. ಅವನು ಸಾಕು ಅಂದದ್ದು, ತಾನು ಬಿಡದೆ ಹಾಡಿಸಿದ್ದು, ಚಪ್ಪಾಳೆ ತಟ್ಟಿದ್ದು. ವಿನೋದಾ ಹೆಡ್‌ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು.

"ಆ ದಿನ ಬೆಳಿಗ್ಗೆ ನೂರ ಒಂದು ಇತ್ತು. ನಾನೇ ನೋಡಿದ್ದು. ಹೋಗ್ಬೇಡ ಅಂತ ಹೇಳ್ಬಹುದಿತ್ತು. ಇವತ್ತೊಂದೇ ದಿನ ಅಮ್ಮ ಅಂದ. ಬುತ್ತಿ ಕಟ್ಟಿ ಕಳಿಸಿದೆ."

ಅನಿಕೇತ್ ಲ್ಯಾಪ್‌ಟಾಪ್ ಮುಚ್ಚಿದ.

"ನಿನ್ನ ಮೇಲೆ ಕೋಪ ಇಲ್ಲ ಅಂತ ಹೇಳ್ಲಿಕ್ಕೆ ನನಗೆ ಆಗುದಿಲ್ಲ ಮಗಾ. ಉಂಟು. ನನ್ನ ಮೇಲೂ ಉಂಟು." ಹೆಡ್‌ಫೋನನ್ನು ಅವನ ಕೈಗಿಟ್ಟು ಹೇಳಿದರು: "ಆ ಹಾಡು ತೆಗೀಬೇಡ. ಅಷ್ಟು ಜ್ವರದಲ್ಲಿ ನಿಂತು ಹಾಡಿದ್ದು ಅವನು. ನಾನು ಮಾತ್ರ ಅದನ್ನು ಕೇಳುದಿಲ್ಲ. ಇವರಿಗೆ ಇದೊಂದೂ ಹೇಳ್ಬೇಡ."

ಅಷ್ಟರಲ್ಲಿ ಶೀನ ಬಂದರು. ಅನಿಕೇತನನ್ನು ಕಂಡು ಅವರ ಮುಖ ಅರಳಿದ್ದು ನೋಡಲಾಗುವಂತಿರಲಿಲ್ಲ. ಊಟ ಮಾಡದೆ ಹೋಗಬಾರದೆಂದು ಹಿಡಿದು ಕೂರಿಸಿದರು. ಹೋಟೆಲಿನಿಂದ ತಂದ ಅನ್ನ, ಕೂಟು ತಾವೇ ಬಡಿಸಿದರು. ಆಮೇಲೆ ತಮ್ಮ ಫೋನ್ ಅವನ ಕೈಗಿಟ್ಟು, ಚರಣ್‌ನ ಹಾಡುಗಳನ್ನೆಲ್ಲ ಇದಕ್ಕೆ ಹಾಕಿ ಕೊಡು ಅಂದರು. ಅನಿಕೇತ್ ವಿನೋದಾರ ಕಡೆ ನೋಡಿದ. ಅವರು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅವನು ಎಂಟನ್ನೂ ಹಾಕಿಕೊಟ್ಟ.

ಫೆಬ್ರವರಿಯಲ್ಲಿ ಆಲ್ಬಮ್ ಬಿಡುಗಡೆಯಾಯಿತು. ಕೇಳಿದವರು ಹೆಚ್ಚೇನಿಲ್ಲ. ಕೇಳಿದವರೆಲ್ಲ ಎಂಟನೆಯ ಹಾಡಿನ ಬಗ್ಗೆಯೇ ಬರೆದರು. ಬೇರೊಬ್ಬ ಹಾಡುಗಾರನನ್ನು ಹುಡುಕೋಣ ಎಂದು ತೇಜು ಎರಡು ಸಲ ಹೇಳಿ ನೋಡಿದ. ಎರಡು ಸಲವೂ ಅನಿಕೇತ್ ಮಾತು ಬದಲಿಸಿದ. ಆಮೇಲೆ ತೇಜುವೂ ಕೇಳುವುದನ್ನು ಬಿಟ್ಟ. ಬ್ಯಾಂಡ್ ಅಲ್ಲಿಗೇ ನಿಂತಿತು.

ಮಾರ್ಚಿನ ಒಂದು ಭಾನುವಾರ ಶೀನರ ಫೋನ್ ಬಂತು. ಕೆಲಸಕ್ಕೆ ನಡೆದು ಹೋಗುವಾಗ ದಿನಾ ಕೇಳುತ್ತೇನೆ, ಮೊದಮೊದಲು ತಲೆನೋವು ಬರುತ್ತಿತ್ತು, ಈಗ ಅಭ್ಯಾಸವಾಗಿದೆ ಅಂದರು.

"ಆ ಕೊನೆದು ಉಂಟಲ್ಲ, ಅದರಲ್ಲಿ ಅವನ ದನಿ ಭಾರೀ ಲಾಯ್ಕುಂಟು. ಅವಳು ಯಾಕೋ ಅದನ್ನು ಹಾಕ್ಲಿಕ್ಕೇ ಬಿಡುದಿಲ್ಲ. ಹಾಗೆ ಹಾಡಿದ್ದು ಬೇರೆ ಏನಾದ್ರೂ ಉಂಟಾ ನಿನ್ನ ಹತ್ರ?"

"ಇಲ್ಲ ಅಂಕಲ್," ಅಂದ ಅನಿಕೇತ್. "ಅದೊಂದೇ."