ಹಂಪಮ್ಮನ ದಶಮಾಂಶ

ಪ್ರೊಫೆಸರ್ ಕೋಕಿಲಾ ಅವರಿಗೆ ನಕಲು ಹಿಡಿಯುವುದರಲ್ಲಿ ಇಪ್ಪತ್ತೆರಡು ವರ್ಷದ ಅನುಭವ. ಹಾಗಾಗಿ ಆ ಶುಕ್ರವಾರ ಮಧ್ಯಾಹ್ನ ಇಪ್ಪತ್ತಮೂರು ಉತ್ತರಪತ್ರಿಕೆಗಳನ್ನು ತಿದ್ದುತ್ತಾ ಕೂತವರಿಗೆ ಐದರಲ್ಲಿ ಒಂದೇ ತಪ್ಪು ಕಂಡದ್ದೇ ತಡ, ಕೈಯಲ್ಲಿದ್ದ ಕೆಂಪು ಪೆನ್ನು ಚುರುಕಾಯಿತು. 3.4ಕ್ಕೆ 2.5 ಕೂಡಿಸಿದರೆ 5.9 ಆಗಬೇಕು. ಐದೂ ಮಕ್ಕಳು 6.1 ಎಂದು ಬರೆದಿದ್ದರು. 5.2ರಲ್ಲಿ 1.6 ಕಳೆದರೆ 3.6. ಐವರದೂ 3.4. ತಪ್ಪು ಮಾಡಲಿ, ಬೇಡ ಅನ್ನುವವರಾರು? ಆದರೆ ಐದು ಜನ ಮಾತಾಡಿಕೊಂಡವರಂತೆ ಒಂದೇ ತಪ್ಪು ಮಾಡುತ್ತಾರೆಯೇ? ಒಬ್ಬಳು ಬರೆದಿದ್ದಾಳೆ, ಉಳಿದವರು ಇಳಿಸಿದ್ದಾರೆ ಎಂದು ಅವರು ತೀರ್ಮಾನಿಸಿದರು.

ಮಕ್ಕಳು ತೆಲುಗು ಮಾತಿನ ಮಹಾನಗರದ ಗಚ್ಚಿಬೌಲಿಯಲ್ಲಿ ಏಳುತ್ತಿದ್ದ ಒಂದು ಸಾಫ್ಟ್‌ವೇರ್ ಕಟ್ಟಡದ ಕೆಲಸಗಾರರವು. ಆ ವರ್ಷಗಳಲ್ಲಿ ಅಲ್ಲಿ ವಾರಕ್ಕೊಂದು ಗಾಜಿನ ಕಟ್ಟಡ ತಲೆಯೆತ್ತುತ್ತಿತ್ತು, ಒಂದೊಂದರ ಹಿಂದೆಯೂ ಸಾಲುಸಾಲು ತಗಡಿನ ಶೆಡ್ಡು. ಅಂಥ ಶೆಡ್ಡೊಂದರಲ್ಲಿ ನಡೆಯುತ್ತಿದ್ದ ಸೈಟ್ ಶಾಲೆಯೇ ಕೋಕಿಲಾ ಅವರ ಸಂಶೋಧನೆಯ ಕ್ಷೇತ್ರ. ವಿಷಯ, ಮೌಲ್ಯಮಾಪನ ಮತ್ತು ಸ್ಪಂದಿಸುವ ಬೋಧನೆ. ಅಂದರೆ, ಮಗು ಕೊಟ್ಟ ಉತ್ತರವನ್ನು ನೋಡಿ ಮೇಷ್ಟ್ರು ತಮ್ಮ ಪಾಠವನ್ನು ಹೇಗೆ ತಿರುಗಿಸಿಕೊಳ್ಳುತ್ತಾರೆ ಎಂಬುದು. "ಅಂಕ ಹಾಕುವ ಮೊದಲು, ಈ ಉತ್ತರ ಎಲ್ಲಿಂದ ಬಂತು ಅಂತ ಮಗುವನ್ನೇ ಕೇಳಿ" ಎಂದು ಅವರು ಮೈಸೂರಿನಿಂದ ದಿಲ್ಲಿಯವರೆಗೆ ಎಷ್ಟು ವೇದಿಕೆಯಲ್ಲಿ ಹೇಳಿದ್ದರೋ ಅವರಿಗೇ ಲೆಕ್ಕವಿರಲಿಲ್ಲ. ಕೆಂಪು ಪೆನ್ನು ಮಾತ್ರ ಆ ಭಾಷಣಗಳಿಗೆ ಹೋಗಿರಲಿಲ್ಲ ಎಂದು ಕಾಣುತ್ತದೆ.

ಈ ಸಲದ ಪರೀಕ್ಷೆಗೆ ಇನ್ನೊಂದು ಕೆಲಸವೂ ಇತ್ತು. ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ಸೂರ್ಯನಾರಾಯಣ ಈ ಮಕ್ಕಳನ್ನು ಸೇರಿಸಿಕೊಳ್ಳಲು ಒಪ್ಪಿದ್ದರು. ಯಾರನ್ನು ಯಾವ ತರಗತಿಗೆ ಎಂದು ಪ್ರೊಫೆಸರ್ ಮೇಡಂ ಹೇಳಿದರೆ ಸಾಕು ಎಂದಿದ್ದರು. ಪ್ರವೇಶಕ್ಕೆ ಸೋಮವಾರವೇ ಕೊನೆಯ ದಿನ. ಕೋಕಿಲಾ ಐದು ಹೆಸರುಗಳ ಮುಂದೆ "ದಶಮಾಂಶದ ಕಲ್ಪನೆ ಇಲ್ಲ, ಮೂರನೇ ತರಗತಿ" ಎಂದು ಬರೆದು ಪಟ್ಟಿಯನ್ನು ಸಂಜೆಯೇ ಕಳಿಸಿಬಿಟ್ಟರು. ಮೊದಲ ಹೆಸರು ಹಂಪಮ್ಮನದು, ವಯಸ್ಸು ಹನ್ನೊಂದು.

ಶನಿವಾರ ಬೆಳಿಗ್ಗೆ ಪಟ್ಟಿಯ ಪ್ರತಿ ಹಿಡಿದು ಸೈಟಿಗೆ ಹೋದರು. ಶಾಲೆಯ ಟೀಚರ್ ಶೈಲಾ ರಾಯಚೂರಿನವಳು, ಇನ್ನೂ ಇಪ್ಪತ್ತಾರು. ಐವರಲ್ಲಿ ನಕಲು ನಡೆದಿದೆ ಎಂಬ ಮೇಡಂ ಮಾತು ಕೇಳಿ ಪಟ್ಟಿಯನ್ನು ಎರಡು ಸಲ ಓದಿದಳು. ಮುಖ ಬಾಡಿತು, ಆಮೇಲೆ ಕೆಂಪಾಯಿತು.

"ಮೇಡಂರಿ, ಹಂಪಮ್ಮ ಕಾಪಿ ಹೊಡ್ಯಾಕಿ ಅಲ್ರಿ."

"ಅವಳು ಹೊಡೆದಿಲ್ಲದೆ ಇರಬಹುದು ಶೈಲಾ, ಅವಳದನ್ನ ನೋಡಿ ಬೇರೆಯವರು ಬರೆದಿರಬಹುದು. ಆದರೆ ಅವಳ ಉತ್ತರವೇ ತಪ್ಪಲ್ಲವೇ?"

"ಅಕಿನ್ನ ಮೂರನೇತ್ತಾಗ ಕೂಡಿಸಿದ್ರ ಅವರಪ್ಪ ಸಾಲಿ ಬಿಡಸ್ತಾನ್ರಿ. ಮೊದಲ ಹೇಳ್ಯಾನ. ಅಕಿ ಅಕ್ಕಂದೂ ಹಿಂಗ ಆತು, ಈಗ ಶೆಡ್ಡಿನ್ಯಾಗ ಕೂಸು ಆಡಸ್ಕೋಂತ ಕುಂತಾಳ." ಶೈಲಾ ಪಟ್ಟಿಯನ್ನು ಮಡಚಿದಳು. "ಹೆಂಗ ಬಂತವಾ ಈ ಉತ್ತರ ಅಂತ ನೀವು ಅಕಿನ್ನ ಕೇಳೀರೇನ್ರಿ?"

ಕೋಕಿಲಾ ಕೇಳಿರಲಿಲ್ಲ. ತಾನು ಊರೂರಿಗೆ ಹೋಗಿ ಹೇಳಿಕೊಟ್ಟ ಮಾತನ್ನೇ ಈ ಹುಡುಗಿ ತನ್ನ ಮುಖಕ್ಕೆ ಹಿಡಿದಿದ್ದಾಳೆ ಎಂದು ಅವರಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು, ಅದು ಸಿಟ್ಟಿಗಿಂತ ಹೆಚ್ಚು ಹೊತ್ತು ಉಳಿಯಿತು.

ಹಂಪಮ್ಮನನ್ನು ಕರೆಸಿದರು. ಉದ್ದಕ್ಕೆ ಬೆಳೆದ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಕೋಕಿಲಾ ಉತ್ತರಪತ್ರಿಕೆ ಮುಂದಿಟ್ಟು ಆದಷ್ಟು ಮೆತ್ತಗೆ ಕೇಳಿದರು, "ಇದು 6.1 ಹೇಗೆ ಬಂತು ಪುಟ್ಟ?"

ಹುಡುಗಿ ಪೆನ್ಸಿಲ್ ತೆಗೆದುಕೊಂಡು 6.1ನ್ನು ಹೊಡೆದು 7.1 ಎಂದು ಬರೆದಳು. ಮೇಡಂ ಮುಖ ನೋಡಿದಳು. ಅದನ್ನೂ ಹೊಡೆದು 6.2 ಮಾಡಿದಳು. ದೊಡ್ಡವರು ಹೇಗೆ ಬಂತು ಎಂದು ಕೇಳಿದರೆಂದರೆ ಉತ್ತರ ತಪ್ಪು ಎಂದೇ ಅರ್ಥ. ಸರಿಯಾದದ್ದನ್ನು ಯಾರೂ ಹಾಗೆ ಕೇಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕೋಕಿಲಾ ಪತ್ರಿಕೆಯನ್ನು ಹಿಂದಕ್ಕೆ ತೆಗೆದುಕೊಂಡರು.

ಅಷ್ಟರಲ್ಲಿ ಹೊರಗಿನಿಂದ ಅವಳಪ್ಪ ಅಂಬಣ್ಣ ಕೂಗಿದ, "ಹಂಪೀ, ಟೇಪು ಹಿಡಿ ಬಾ!" ಅವನು ಗ್ರಾನೈಟ್ ಕೂಡಿಸುವ ಕಸುಬಿನವನು, ಲಿಂಗಸೂಗೂರಿನ ಕಡೆಯಿಂದ ಬಂದ ಐದು ಮನೆಯ ತಂಡಕ್ಕೆ ಮೇಸ್ತ್ರಿ. ಹುಡುಗಿ ಬದುಕಿದೆಯಾ ಬಡಜೀವವೇ ಎಂದು ಓಡಿದಳು. ಕೋಕಿಲಾ ಬೇರೇನೂ ತೋಚದೆ ಹಿಂದೆಯೇ ಹೋದರು, ಶೈಲಾಳೂ ಜೊತೆಗೆ ಬಂದಳು.

ಕಟ್ಟಡದ ಬಾಗಿಲ ಮೆಟ್ಟಿಲಿಗೆ ಕಲ್ಲು ಅಳೆಯುತ್ತಿದ್ದ ಅಂಬಣ್ಣ ಪ್ರೊಫೆಸರರನ್ನು ಕಂಡು ಎದ್ದು ಕೈಮುಗಿದ. ಶೈಲಾ ಹೇಳುವ ಮೊದಲೇ ಮಕ್ಕಳ ಬಾಯಿಂದ ಅವನಿಗೆ ಪಟ್ಟಿಯ ಸುದ್ದಿ ಮುಟ್ಟಿತ್ತು.

"ಸಣ್ಣ ಹುಡುಗ್ರ ನಡಕ ಇಷ್ಟೆತ್ತರದ ಹುಡುಗಿ ಕುಂತ್ರ ನಗತಾರ್ರಿ ಮೇಡಂರಿ. ಐದನೇತ್ತಾದ್ರ ಕಳಸ್ತೀನಿ. ಇಲ್ಲಂದ್ರ ಬ್ಯಾಡ ಬಿಡ್ರಿ. ನಿಮ್ಮ ಮ್ಯಾಲೆ ಸಿಟ್ಟಿಲ್ಲ ನನಗ." ಹಾಗೆಂದು ಮತ್ತೆ ಕೆಲಸಕ್ಕೆ ಕೂತ. ಮಗಳು ಟೇಪಿನ ತುದಿ ಹಿಡಿದಳು. "ಎಷ್ಟೈತಿ?"

"ಹದಿನಾಲ್ಕು ಇಂಚು ಆರು ಸೂತ್."

"ಈ ಕಡೆ?"

"ಒಂಬತ್ತು ಇಂಚು ಐದು ಸೂತ್."

"ಕೂಡಸು."

"ಇಪ್ಪತ್ನಾಕು ಇಂಚು ಮೂರು ಸೂತ್" ಎಂದಳು ಹಂಪಮ್ಮ, ಉಸಿರು ತೆಗೆದುಕೊಳ್ಳುವಷ್ಟೂ ಹೊತ್ತು ಮಾಡದೆ. ಅಂಬಣ್ಣ ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ 24.3 ಎಂದು ಗೀಚಿ ಕಟರ್ ಹಚ್ಚಿದ. ದೂಳು ಇಳಿದ ಮೇಲೆ ತುಂಡನ್ನು ಎತ್ತಿ ಕೂಡಿಸಿದರೆ ಕೂದಲೆಳೆಯಷ್ಟೂ ಸಂದಿ ಬಿಡಲಿಲ್ಲ.

ಕೋಕಿಲಾ ಆ 24.3ನ್ನೇ ನೋಡುತ್ತಾ ನಿಂತರು. "ಒಂದು ಇಂಚಿಗೆ ಎಷ್ಟು ಸೂತ್, ಅಂಬಣ್ಣ?"

"ಎಂಟ್ರಿ ಮೇಡಂರಿ" ಎಂದ ಅವನು, ಇಷ್ಟೂ ಗೊತ್ತಿಲ್ಲವೇ ಎಂಬ ಕನಿಕರದಿಂದ.

ಕೋಕಿಲಾ ಅಲ್ಲೇ ಸಿಮೆಂಟಿನ ಚೀಲದ ಮೇಲೆ ಕೂತು ಬ್ಯಾಗಿನಿಂದ ಪತ್ರಿಕೆಗಳನ್ನು ತೆಗೆದರು. ಮೂರು ಇಂಚು ನಾಲ್ಕು ಸೂತ್, ಎರಡು ಇಂಚು ಐದು ಸೂತ್. ನಾಲ್ಕೂ ಐದೂ ಒಂಬತ್ತು, ಎಂಟಕ್ಕೆ ಒಂದು ಇಂಚು, ಉಳಿದದ್ದು ಒಂದು. ಆರು ಇಂಚು ಒಂದು ಸೂತ್. ಕಳೆಯುವ ಲೆಕ್ಕವೂ ಹಾಗೇ. ಎಂಟನ್ನು ಮುಟ್ಟದ ಲೆಕ್ಕಗಳಲ್ಲಿ ಐವರೂ ಸರಿಯಾಗಿಯೇ ಬರೆದಿದ್ದರು, ಅದು ಕೋಕಿಲಾ ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಐದೂ ಮಕ್ಕಳು ಈ ಐದು ಮನೆಯವರೇ, ಟೇಪಿನ ತುದಿ ಹಿಡಿದು ಬೆಳೆದವರೇ. ಒಂದೇ ಒಂದು ಲೆಕ್ಕವೂ ತಪ್ಪಿರಲಿಲ್ಲ. ಚುಕ್ಕೆಯ ಆಚೆ ಇರುವುದು ಏನು ಎಂದು ಪ್ರಶ್ನೆಪತ್ರಿಕೆಯಲ್ಲಿ ಹೇಳಿರಲಿಲ್ಲ, ಅದನ್ನು ಬರೆದವರು ಸ್ವತಃ ಪ್ರೊಫೆಸರ್ ಕೋಕಿಲಾ.

"ತಪ್ಪು ನನ್ನದು ಶೈಲಾ. ನಿಮ್ಮ ಮಾತನ್ನೂ ನಂಬಲಿಲ್ಲ. ನನಗೆ ತುಂಬಾ ನಾಚಿಕೆಯಾಗ್ತಿದೆ" ಎಂದರು.

"ನನಗೂ ಗೊತ್ತಿದ್ದಿಲ್ರಿ ಇದು. ಅಕಿ ಸುಮ್ಮ ಸುಮ್ಮನ ಬರಿಯಾಕಿ ಅಲ್ಲ ಅನ್ನೂದೊಂದ ಗೊತ್ತಿತ್ತು" ಎಂದು ಶೈಲಾ ನಕ್ಕಳು. ಅವಳ ಸಿಟ್ಟು ಅಷ್ಟು ಬೇಗ ಇಳಿದದ್ದು ಕೋಕಿಲಾ ಅವರಿಗೆ ಇನ್ನೂ ಕಷ್ಟವಾಯಿತು.

ಭಾನುವಾರ ಐದು ಮಕ್ಕಳಿಗೆ ಪಾಠ. ಪಾಠವನ್ನು ತಾವೇ ಮಾಡಬೇಕೆಂದು ಕೋಕಿಲಾ ಚಾರ್ಟು, ಬಣ್ಣದ ಕಡ್ಡಿ ಎಲ್ಲ ಹೊತ್ತು ಬಂದಿದ್ದರು. ಅದು ಯಾವುದೂ ಬೇಕಾಗಲಿಲ್ಲ. ಶೈಲಾ ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದುದ್ದ ಎರಡು ಟೇಪು ಎಳೆದಳು. ಒಂದರಲ್ಲಿ ಅಂಕಿಯಿಂದ ಅಂಕಿಗೆ ಎಂಟು ಗೆರೆ, ಇನ್ನೊಂದರಲ್ಲಿ ಹತ್ತು. "ಇದು ನಿಮ್ಮಪ್ಪನ ಟೇಪು. ಇದು ಸಾಲಿ ಟೇಪು. ಎರಡೂ ಖರೇನ. ಯಾವುದರ ಮ್ಯಾಲೆ ನಡ್ಯಾಕತ್ತೀವಿ ಅಂತ ಮೊದಲ ನೋಡ್ಕೋಬೇಕು." ಮಕ್ಕಳು ಗೆರೆಗಳ ಮೇಲೆ ಕುಪ್ಪಳಿಸಿ ಎಣಿಸಿದರು, ಬಿದ್ದರು, ಜಗಳವಾಡಿದರು. ಕೋಕಿಲಾ ಮೂಲೆಯಲ್ಲಿ ಕೂತು ನೋಡಿದರು. ಶಿಕ್ಷಕರಿಗೆ ಅಂಕ ಕೊಡುವ ತಮ್ಮ ಫಾರಂ ಬ್ಯಾಗಿನಲ್ಲೇ ಇತ್ತು, ತೆಗೆಯಲು ಕೈ ಬರಲಿಲ್ಲ.

ಸೋಮವಾರ ಹೆಡ್‌ಮಾಸ್ಟರರ ಕೋಣೆಗೆ ಕೋಕಿಲಾ ಐದೂ ಮಕ್ಕಳನ್ನು ಕರೆತಂದಾಗ ಅಲ್ಲಿ ಕಾಲಿಡಲು ಜಾಗವಿರಲಿಲ್ಲ, ಹಂಪಮ್ಮನೊಬ್ಬಳನ್ನೇ ಒಳಗೆ ಕರೆದೊಯ್ದರು. ಸೂರ್ಯನಾರಾಯಣ ಆದೋನಿಯವರು, ಕನ್ನಡ ಬಲ್ಲವರು. ಆದರೆ ಇಂಚು ಸೂತಿನ ಕಥೆ ಪೂರ್ತಿ ಕೇಳುವಷ್ಟು ಪುರಸೊತ್ತು ಅವರಿಗಿರಲಿಲ್ಲ.

"ಮೂರನೇ ತರಗತಿ ಅಂತ ನಿಮ್ಮ ಸಹಿ ಇದೆಯಲ್ಲ ಮೇಡಂ? ಇವತ್ತು ಐದು ಅಂತೀರಿ. ನಾಳೆ ಮೇಲಿನವರು ಕೇಳಿದರೆ ನಾನೇನು ಹೇಳಲಿ?" ಸ್ವಲ್ಪ ಯೋಚಿಸಿದರು. "ಒಂದು ಲೆಕ್ಕ ಕೊಡ್ತೀನಿ. ಮಾಡಿದರೆ ಐದು. ಇಲ್ಲದಿದ್ದರೆ ನೀವು ಬರೆದದ್ದೇ."

ಬೋರ್ಡಿನ ಮೇಲೆ 6.7 + 1.6 ಎಂದು ಬರೆದು ಸೀಮೆಸುಣ್ಣವನ್ನು ಹಂಪಮ್ಮನ ಕೈಗಿಟ್ಟರು. ಬಾಗಿಲಲ್ಲಿ ಅಂಬಣ್ಣ ಚಪ್ಪಲಿ ಬಿಟ್ಟು ನಿಂತಿದ್ದ.

ಹಂಪಮ್ಮ ಬೋರ್ಡು ನೋಡಿದಳು. ಬರೆಯಲಿಲ್ಲ. ಕೋಕಿಲಾ ಅವರಿಗೆ ಹೇಳಿಬಿಡಲೇ ಎಂದು ನಾಲಿಗೆ ತುರಿಸಿತು, ಹೇಳಿದರೆ ಅದು ಪರೀಕ್ಷೆಯೇ ಅಲ್ಲ ಎಂದು ತಡೆದುಕೊಂಡರು. ಅರ್ಧ ನಿಮಿಷವಾಯಿತು. ಹೆಡ್‌ಮಾಸ್ಟರ್ ಉಸ್ಸಪ್ಪಾ ಎಂದು ಸೀಮೆಸುಣ್ಣ ವಾಪಸ್ಸು ಪಡೆಯಲು ಕೈಚಾಚಿದರು.

"ಸರ್ರ," ಎಂದಳು ಹಂಪಮ್ಮ, "ಇದು ಎಂಟಕ್ಕ ಒಂದಾಗತೈತೋ, ಹತ್ತಕ್ಕೋ?"

ಚಾಚಿದ ಕೈ ಹಾಗೇ ನಿಂತಿತು. ಹೆಡ್‌ಮಾಸ್ಟರ್ ಹುಡುಗಿಯನ್ನು ನೋಡಿದರು, ಬೋರ್ಡನ್ನು ನೋಡಿದರು.

"ಎಂಟಕ್ಕಾದರೆ ಎಷ್ಟು?" ಎಂದು ಕೇಳಿದರು ಸೂರ್ಯನಾರಾಯಣ.

"ಎಂಟು ಪಾಯಿಂಟ್ ಐದ್ರಿ."

"ಹತ್ತಕ್ಕಾದರೆ?"

"ಎಂಟು ಪಾಯಿಂಟ್ ಮೂರ್ರಿ."

ಅವರು ಮೊದಲನೆಯದನ್ನು ಬೆರಳು ಮಡಚಿ ಎರಡು ಸಲ ಎಣಿಸಿ ನೋಡಿದರು. ನಿಧಾನಕ್ಕೆ ಮುಖ ಅರಳಿತು. ಕುರ್ಚಿಗೆ ಹೋಗಿ ಪ್ರವೇಶದ ರಿಜಿಸ್ಟರ್ ತೆರೆದು, "ಪೂರ್ತಿ ಹೆಸರು ಹೇಳಮ್ಮ" ಎಂದರು. ಐದನೇ ತರಗತಿಯ ಪುಟವದು. ಬಾಗಿಲಲ್ಲಿ ಅಂಬಣ್ಣ ಟವೆಲಿನಿಂದ ಮುಖ ಒರೆಸಿಕೊಂಡ.

ತಾವು ಮೂರು ವರ್ಷ ಫಾರಂ ಹಿಡಿದು ಹುಡುಕಿದ್ದನ್ನು, ಸಂಶೋಧನೆಯ ಗಂಧವೂ ಇಲ್ಲದ ಈ ಮನುಷ್ಯ ಎರಡು ಪ್ರಶ್ನೆಯಲ್ಲಿ ಮಾಡಿ ಮುಗಿಸಿದ್ದನ್ನು ಕೋಕಿಲಾ ಕಣ್ಣಾರೆ ಕಂಡರು. ಸಂತೋಷಕ್ಕೆ ಕಣ್ಣು ಮಂಜಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಮೇಜಿನ ಮೇಲಿದ್ದ ತಮ್ಮ ಪಟ್ಟಿಯನ್ನು ಎಳೆದುಕೊಂಡು ಸಹಿಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು.

"ಸರ್, ಹೊರಗೆ ಇನ್ನೂ ನಾಲ್ಕು ಮಕ್ಕಳಿದ್ದಾರೆ" ಎಂದರು. "ಅವರನ್ನೂ ನಾನು ಕೇಳಿರಲಿಲ್ಲ. ನೀವು ಕೇಳಿ."

ಹೆಡ್‌ಮಾಸ್ಟರ್ ಬೋರ್ಡು ಒರೆಸಿ, "ಕಳಿಸಿ" ಎಂದರು.