ಎಡ ದವಡೆ

"ಇನ್ನೂ ಸ್ವಲ್ಪ ಬಾಯಿ ತೆಗಿಯಮ್ಮ," ಎಂದರು ದಂತವೈದ್ಯ ಷಡಕ್ಷರಪ್ಪ. ಸಿರಿ ತೆಗೆದಳು. ಅವರ ಕೈಯ ಲೋಹದ ಕಡ್ಡಿ ಬಲಗಡೆಯ ಕೊನೆಯ ಹಲ್ಲಿಗೆ ತಾಗಿದ್ದೇ ತಡ, ಹದಿನಾಲ್ಕರ ಹುಡುಗಿ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಳು. ವಸಡಿನಿಂದ ಕೀವು ಒಸರಿತು.

ಷಡಕ್ಷರಪ್ಪ ಬೆಂಗಳೂರಿನ ಆಸ್ಪತ್ರೆಯ ಕಾಗದವನ್ನು ಮತ್ತೊಮ್ಮೆ ಓದಿದರು. ರಕ್ತದ ಕ್ಯಾನ್ಸರಿಗೆ ಕಾಂಡಕೋಶ (ಸ್ಟೆಮ್ ಸೆಲ್) ಕಸಿ. ಅದಕ್ಕೆ ಮೊದಲು ಹುಳುಕು ಹಲ್ಲು ತೆಗೆಸಿ, ಗಾಯ ಮಾಯ್ದು, ದಂತವೈದ್ಯರ ಸಹಿ ತರಬೇಕು. ಅಡ್ಮಿಟ್ ಆಗಲು ಉಳಿದಿದ್ದು ಐದು ದಿನ.

"ತಿಂಗಳ ಹಿಂದೆ ಬರೆದಿದಾರೆ. ಈಗ ಬರ್ತಿದೀರಲ್ಲ?"

"ನೋವಿಲ್ಲ ಅಂದ್ಲು ಸಾರ್. ಬರೀ ಸಹಿ ತಾನೆ, ಹೋಗೋ ಮುಂಚೆ ಹಾಕಿಸ್ಕೊಂಡ್ರಾಯ್ತು ಅಂತ..." ಎಂದ ಅಣ್ಣ ಸುನಿಲ್. ತಂಗಿಗೆ ಕೋಶ ಕೊಡುವವನು ಅವನೇ. ತನ್ನದು ಅವಳಿಗೆ ಹೊಂದುತ್ತದೆ ಎಂದು ಗೊತ್ತಾದ ದಿನದಿಂದ ಬೀಡಿ ಮುಟ್ಟಿರಲಿಲ್ಲ. ಅಮ್ಮ ದಿನಾ ಎರಡು ಮೊಟ್ಟೆ ಬೇಯಿಸಿ ತಿನ್ನಿಸುತ್ತಿದ್ದಳು.

ಅಮ್ಮ ಸುವರ್ಣಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಪೊಟ್ಟಣ ತೆಗೆದಳು. "ಹುಳ ತೆಗ್ಸಿದೀನಿ ಡಾಕ್ಟ್ರೇ. ಹೊಳೆಹೊನ್ನೂರಲ್ಲಿ ಒಬ್ಳು ಬೀಜ ಸುಟ್ಟು ಬಾಯಿಗೆ ಹೊಗೆ ಕೊಡ್ತಾಳೆ. ಐದು ಬಿದ್ವು, ನಾನೇ ನೋಡ್ದೆ. ರಕ್ತದ ಕಾಯ್ಲೆಯವ್ಳಿಗೆ ಹಲ್ಲು ಕಿತ್ರೆ ರಕ್ತ ನಿಲ್ಲುತ್ತಾ ಅಂತ ಭಯ ಆಯ್ತು."

ಷಡಕ್ಷರಪ್ಪ ಕಡ್ಡಿಯ ತುದಿಯಿಂದ ಪೊಟ್ಟಣದಲ್ಲಿದ್ದ ಒಂದನ್ನು ಹೊರಳಿಸಿದರು. "ಹುಳ ಅಲ್ಲಮ್ಮ. ಸುಟ್ಟ ಬೀಜದೊಳಗಿನ ಮೊಳಕೆ."

ಸುನಿಲ್ ಮೇಜಿಗೆ ಕೈಯೂರಿದ. "ಸೀಲ್ ಒತ್ತಿ ಸಾರ್. ನಿಮ್ಗೇನು ಹೋಗೋದು? ಈ ಸಲ ತಪ್ಪಿದ್ರೆ ಮೂರು ತಿಂಗ್ಳು ಬೆಡ್ ಇಲ್ಲ. ಅಷ್ಟರಲ್ಲಿ ಕಾಯ್ಲೆ ತಿರುಗಿ ಬಂದ್ರೆ ಮುಗೀತು ಅಂದಿದಾರೆ."

"ಔಷಧ ಕೊಟ್ಟು ಬಿಳಿರಕ್ತಕಣ ಪೂರ್ತಿ ಸಾಯಿಸ್ತಾರೆ ಕಣಪ್ಪ. ಆಗ ಈ ಕೀವು ಮೈಗೆಲ್ಲ ಏರುತ್ತೆ. ತಡೆಯೋಕೆ ಒಳಗೆ ಏನೂ ಇರಲ್ಲ. ಈಗ ಕಿತ್ರೂ ಗಾಯ ಐದು ದಿನದಲ್ಲಿ ಮಾಯಲ್ಲ."

ಆದರೂ ಅವರು ಬೆಂಗಳೂರಿಗೆ ಎಸ್‌ಟಿಡಿ ಮಾಡಿದರು. ಮೂರೇ ನಿಮಿಷ. ದಿನ ಮುಂದೂಡಲಾಗದು, ಬೆಡ್ಡನ್ನು ಪಟ್ಟಿಯಲ್ಲಿ ಮುಂದಿನವರಿಗೆ ಕೊಡುತ್ತಾರಂತೆ. ಷಡಕ್ಷರಪ್ಪ ಮಾತ್ರೆ ಬರೆದರು, ರಕ್ತಪರೀಕ್ಷೆಗೆ ಬರೆದರು. ಸೀಲು ಅದರ ಡಬ್ಬಿಯಲ್ಲೇ ಇತ್ತು.

ಹೊರಗೆ ಬಂದು ಸುನಿಲ್ ತಂಗಿಯ ರಟ್ಟೆ ಹಿಡಿದ. "ನೋವಿತ್ತೇನೇ ನಿಂಗೆ?"

"ಹೊಗೆ ಹಾಕಿಸ್ಕೊಂಡ್ಮೇಲೆ ಎರಡು ದಿನ ಇರ್ಲಿಲ್ಲ. ಆಮೇಲೆ ಎಡಗಡೆಯಿಂದ ತಿಂತಿದ್ದೆ." ಅವಳು ಚಪ್ಪಲಿ ನೋಡುತ್ತಾ ಹೇಳಿದಳು. "ಹುಳ ಬಿದ್ದಾಗ ಅಮ್ಮ ನಕ್ಳು ಕಣೋ. ಎಷ್ಟು ದಿನ ಆಗಿತ್ತು ಅವ್ಳು ನಕ್ಕು."

"ಪೊಟ್ಟಣ ಜೋಪಾನ ಮಾರಾಯ್ತಿ," ಸುನಿಲ್ ಅಮ್ಮನ ಕಡೆ ತಿರುಗಿದ. "ಬೆಂಗ್ಳೂರಿನೋರಿಗೆ ತೋರ್ಸು. ಬೆಡ್ ಕೊಡ್ತಾರೆ."

ಭದ್ರಾವತಿ ಬಸ್ಸು ಹೊರಟ ಮೇಲೆ ಅಮ್ಮ ಚೀಲದಿಂದ ಡಬ್ಬಿ ತೆಗೆದು, ಬೇಯಿಸಿದ ಎರಡು ಮೊಟ್ಟೆಗಳನ್ನು ಎಂದಿನಂತೆ ಮಗನ ಮುಂದೆ ಹಿಡಿದಳು.

"ಇನ್ನು ಯಾರಿಗೋಸ್ಕರ ತಿನ್ಲಿ?" ಅವನು ಒಂದನ್ನು ಕಿತ್ತುಕೊಂಡು ಕಿಟಕಿಯಿಂದ ಬೀಸಿ ಎಸೆದ.

"ನಾಯಿಗಾದ್ರೂ ಹಾಕೋದಲ್ವೇನಯ್ಯ," ಎಂದರು ಹಿಂದಿನ ಸೀಟಿನ ಯಜಮಾನರು.

ಸುವರ್ಣಮ್ಮ ಉಳಿದದ್ದರ ಸಿಪ್ಪೆ ಸುಲಿದಳು. ಬೆರಳಲ್ಲೇ ಸಣ್ಣಗೆ ಮುರಿದು, ಮಗಳ ಗಲ್ಲ ಹಿಡಿದು, ಚೂರನ್ನು ಅವಳ ಎಡ ದವಡೆಯ ಕಡೆಗೆ ಇಟ್ಟಳು.